ಜತ್ತಿಯವರು ಕೆಳಗಿಳಿದ ಮೂರು ಸಲ

ತಮ್ಮಾ,

ಪಟ್ಟಣ ಪಂಚಾಯಿತಿ ಅಧ್ಯಕ್ಷಗಿರಿ 30 ತಿಂಗಳದ್ದು. ಮೊದಲ 15 ತಿಂಗಳು ನಿನಗೆ, ಉಳಿದ 15 ತಿಂಗಳು ನಿನ್ನ ಜೊತೆಗೇ ಗೆದ್ದು ಬಂದವನಿಗೆ ಅಂತ ನಾಲ್ಕು ಮಂದಿ ಹಿರಿಯರ ಮುಂದೆ ಮಾತಾಗಿದೆ ಎಂದು ನಿಮ್ಮಪ್ಪ ಹೇಳಿದ. ಇನ್ನೊಂದು ಮಾತೂ ಹೇಳಿದ. 'ಕಾಗದದ ಮ್ಯಾಲೆ ಏನೂ ಇಲ್ಲ, ನೀ ಬಿಡದಿದ್ರ ಯಾರು ಎಬ್ಬಿಸ್ತಾರ?' ಎಂದು ನಿನ್ನ ಗೆಳೆಯರು ಈಗಲೇ ಕಿವಿ ಊದುತ್ತಿದ್ದಾರಂತೆ. ಅವರು ಹೇಳುವುದು ಖರೆ. ಕಾಯ್ದೆ ಪುಸ್ತಕದಲ್ಲಿ ಈ ಹದಿನೈದು-ಹದಿನೈದರ ಲೆಕ್ಕ ಇಲ್ಲ. ನಿನ್ನನ್ನು ಇಳಿಸಬೇಕಾದರೆ ಅವಿಶ್ವಾಸ ತರಬೇಕು, ಅದಕ್ಕೆ ಸದಸ್ಯರನ್ನು ಕೂಡಿಸಬೇಕು, ಕೂಡಿಸಿದವರು ಚದುರಿ ಹೋಗದಂತೆ ಗಾಡಿಯಲ್ಲಿ ತುಂಬಿಕೊಂಡು ಯಾವುದೋ ರೆಸಾರ್ಟಿಗೆ ಓಡಬೇಕು. ಅಷ್ಟರಲ್ಲಿ ಊರಿನ ನಲ್ಲಿಯ ನೀರು, ಚರಂಡಿಯ ಹೂಳು ಯಾರಿಗೂ ನೆನಪಿರುವುದಿಲ್ಲ. ಈ ಸೀಮೆಯಲ್ಲಿ ಇದನ್ನೆಲ್ಲ ನೋಡಿ ನೋಡಿ ಕಣ್ಣು ಬೇಸತ್ತಿವೆ.

ನಿನಗೆ ಬುದ್ಧಿ ಹೇಳುವಂಥ ಕುರ್ಚಿಯಲ್ಲಿ ನಾನು ಕೂತವನಲ್ಲ; ಹಟ್ಟಿಯ ಬಂಗಾರದ ಗಣಿಯಲ್ಲಿ ದುಡಿದು ನಿವೃತ್ತಿಯಾದವನು. ಹಾಗಾಗಿ ಕೂತೂ ಇಳಿದೂ ಗೊತ್ತಿದ್ದ ಒಬ್ಬರ ಬಾಳನ್ನು ನಿನ್ನ ಮುಂದೆ ಇಡುತ್ತೇನೆ. ಕೃಷ್ಣಾ ಹೊಳೆಗುಂಟ ಮೇಲಕ್ಕೆ ಹೋದರೆ ಸಿಗುವ ಜಮಖಂಡಿ ಸೀಮೆಯವರು, ಬಸಪ್ಪ ದಾನಪ್ಪ ಜತ್ತಿ. ನಿನ್ನ ವಾರಿಗೆಯವರಿಗೆ ಈ ಹೆಸರು ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಅಷ್ಟೇ. ಹಂಗಾಮಿ ರಾಷ್ಟ್ರಪತಿಯಾದ ಕನ್ನಡಿಗ ಯಾರು? ಬಿ.ಡಿ. ಜತ್ತಿ. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೀರಿ.

ಅವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಸಾವಳಗಿಯಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಬಿ.ಎ., ಅದೇ ಊರಲ್ಲಿ ಕಾನೂನು ಓದಿ ಜಮಖಂಡಿಗೆ ಬಂದು ಕರಿ ಕೋಟು ಹಾಕಿಕೊಂಡರು. ಆಳು ಕುಳ್ಳು, ದನಿಯೂ ದೊಡ್ಡದಲ್ಲ. ಈಗಿನ ಹಾಗೆ ಕಟೌಟು ನಿಲ್ಲಿಸುವ ಕಾಲವಾಗಿದ್ದರೆ ಅವರಿಗೆ ಟಿಕೆಟ್ ಸಿಗುತ್ತಿತ್ತೋ ಇಲ್ಲವೋ! 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಇಲ್ಲಿ ಸ್ವಲ್ಪ ನಿಲ್ಲು. ಮುಂದೆ ದಿಲ್ಲಿಯಲ್ಲಿ ರಾಷ್ಟ್ರಪತಿಯ ಅಧಿಕಾರ ನಡೆಸಿದ ಮನುಷ್ಯ ಮೊದಲು ಕೂತದ್ದು ನೀನು ಈಗ ಕೂಡಲಿರುವಂಥ ಕುರ್ಚಿಯಲ್ಲೇ. ಬೀದಿ ದೀಪ, ಕಸ, ನೀರು, ಮನೆ ಪಟ್ಟಿ, ಇವೇ ತಕರಾರು. ಸಣ್ಣ ಕುರ್ಚಿ ಅಂತ ಹಗುರ ಮಾಡಬೇಡ. ನಮ್ಮ ಮಸ್ಕಿಯ ಅಶೋಕನ ಶಾಸನ ನೋಡಿದ್ದೀಯಲ್ಲ? 1915ರಲ್ಲಿ ಅದನ್ನು ಕಂಡುಹಿಡಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಬಂಗಾರದ ಹಿಂದೆ ಬಿದ್ದವರ ಕೈಗೆ ಅಶೋಕನ ಹೆಸರೇ ಸಿಕ್ಕಿತು. ಎಲ್ಲರೂ ಆ ಹೆಸರಿನ ಬಗ್ಗೆ ಮಾತಾಡುತ್ತಾರೆ. ಮೇಲಿನ ಗತಿ ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವರೂ ಪ್ರಯತ್ನಪಟ್ಟರೆ ಮುಟ್ಟಬಹುದು ಎಂದು ಆ ಕಲ್ಲು ಹೇಳುವುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ. ಜತ್ತಿಯವರು ಅದರ ಶಾಸನಸಭೆಗೆ ಆರಿಸಿ ಬಂದರು, ಮಂತ್ರಿಯಾದರು, 1948ರ ಹೊತ್ತಿಗೆ ಸಂಸ್ಥಾನದ ಆಡಳಿತದ ಮುಖ್ಯಸ್ಥರೇ ಆದರು. ವಯಸ್ಸು ಇನ್ನೂ ಮೂವತ್ತಾರೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ, ಆ ವರ್ಷದ ಮಾರ್ಚ್ 8ರಂದು, ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನ ಹೋದ ಮೇಲೆ ಸಂಸ್ಥಾನದ ಮುಖ್ಯಮಂತ್ರಿ ಎಲ್ಲಿ? ತಾನು ಕೂತ ಕುರ್ಚಿಯನ್ನೇ ಇಲ್ಲವಾಗಿಸುವ ಕೆಲಸದಲ್ಲಿ ಅವರು ಮುಂದೆ ನಿಂತರು. ಅದೇ ವರ್ಷ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಕಡೆ ಹೇಗಿತ್ತು ಎಂಬುದನ್ನು ಹಿಂದಿನವರ ಬಾಯಲ್ಲಿ ಕೇಳಿದ್ದೀಯ. ನಿಜಾಮ ಬಿಡಲೊಲ್ಲ, ರಜಾಕಾರರ ಹಾವಳಿ, ಮಂದಿ ರಾತ್ರೋರಾತ್ರಿ ಊರು ಬಿಟ್ಟರು, ಕೊನೆಗೆ ಸೆಪ್ಟೆಂಬರಿನಲ್ಲಿ ಸೈನ್ಯವೇ ಬರಬೇಕಾಯಿತು. ಎರಡೂ ಸಂಸ್ಥಾನಗಳೇ. ಒಂದು ಸಹಿಯಲ್ಲಿ ಮುಗಿಯಿತು, ಇನ್ನೊಂದು ನೆತ್ತರಲ್ಲಿ. ಜಮಖಂಡಿಯಂಥ ಸಣ್ಣ ಸಂಸ್ಥಾನಕ್ಕೆ ಬೇರೆ ದಾರಿ ಇರಲಿಲ್ಲ ಎಂದು ನೀನು ವಾದಿಸಬಹುದು. ಇರಲಿ. ದಾರಿ ಇಲ್ಲದಾಗಲೂ ಹಟ ಹಿಡಿಯುವವರು ಕಡಿಮೆ ಇರಲಿಲ್ಲ.

ಅಲ್ಲಿಂದ ಇಳಿದ ಜತ್ತಿಯವರು ಮತ್ತೆ ವಕೀಲಿ ಹಿಡಿದರು, ಹೆಚ್ಚುಕಡಿಮೆ ಇಪ್ಪತ್ತು ತಿಂಗಳು. ನಿನ್ನೆ ಮೊನ್ನೆವರೆಗೆ ಕಚೇರಿಯವರೆಲ್ಲ ಎದ್ದು ನಿಲ್ಲುತ್ತಿದ್ದ ಮನುಷ್ಯ ಈಗ ನ್ಯಾಯಾಧೀಶರ ಮುಂದೆ ತಾನೇ ಎದ್ದು ನಿಂತು ಕಕ್ಷಿದಾರನ ಪರ ಮಾತಾಡಬೇಕು. ಅವರ ಇಡೀ ಜೀವನಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು ಈ ಇಪ್ಪತ್ತು ತಿಂಗಳು. ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಆಮೇಲಿನದನ್ನು ಬೇಗ ಹೇಳುತ್ತೇನೆ. ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ನಾಮನಿರ್ದೇಶನಗೊಂಡರು, ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸಂಪುಟದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮೊರಾರ್ಜಿ ಹೆಸರು ನೆನಪಿಟ್ಟುಕೋ, ಮುಂದೆ ಬರುತ್ತದೆ. 1956ರ ನವೆಂಬರ್ 1ರಂದು ಅವರ ಬಿಜಾಪುರ ಜಿಲ್ಲೆ ಮುಂಬಯಿಯಿಂದ, ನಮ್ಮ ರಾಯಚೂರು ಹೈದರಾಬಾದಿನಿಂದ ಬಿಡಿಸಿಕೊಂಡು ಒಂದೇ ರಾಜ್ಯಕ್ಕೆ ಬಂದವು. ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ 1947ರಲ್ಲಿ ಶುರುವಾಗಿದ್ದ ನಮ್ಮ ಕಂಪನಿಗೆ ಹಟ್ಟಿಯ ಹೆಸರು ಬಂದದ್ದೂ ಈ ಏಕೀಕರಣದ ಸುತ್ತಿನಲ್ಲೇ. 1958ರ ಮೇ 16ರಂದು ಜತ್ತಿಯವರು ಮುಖ್ಯಮಂತ್ರಿಯಾದರು.

ಅವರ ಕಾಲದ ಎರಡು ಕೆಲಸ ನಿನಗೆ ಗೊತ್ತಿರಬೇಕು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಒಂದು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಒಂದೊಂದು ಸೀಮೆಗೆ ಒಂದೊಂದು ಪದ್ಧತಿ ಇದ್ದದ್ದನ್ನು ಅದು ಒಂದೇ ಕಟ್ಟಿಗೆ ತಂದಿತು. ಊರಿಗೆ ಪಂಚಾಯಿತಿ, ತಾಲ್ಲೂಕಿಗೆ ಬೋರ್ಡು, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಪುರಸಭೆಯಿಂದ ಬಂದ ಮನುಷ್ಯನ ಕಾಲದಲ್ಲೇ ಅದು ಆಯಿತೆಂಬುದು ನನಗೆ ಖುಷಿ. ಎರಡನೆಯದು ಭೂಸುಧಾರಣೆ. 1957ರಲ್ಲೇ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಕೂತಿತ್ತು, ಅದರ ಬೆನ್ನಿಗೇ 1961ರ ಕಾಯ್ದೆ ಬಂತು. ಇಲ್ಲಿ ನಾನು ಹೊಗಳಲಾರೆ. ಆ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಅಷ್ಟರೊಳಗೆ ಜಮೀನಿದ್ದವರು ಮಾಡಿಕೊಳ್ಳುವುದನ್ನು ಮಾಡಿಕೊಂಡಿದ್ದರು, ಸ್ವಂತ ಸಾಗುವಳಿಗೆಂದು ಹೊಲ ಬಿಡಿಸಿಕೊಳ್ಳಲು ಕಾಯ್ದೆಯಲ್ಲೇ ಸಂದು ಇತ್ತು. ಉಳುವವನ ಕೈಗೆ ನಿಜವಾಗಿ ಹೊಲ ಬರಬೇಕಾದರೆ ದೇವರಾಜ ಅರಸರ 1974ರ ತಿದ್ದುಪಡಿ, ಭೂ ನ್ಯಾಯಮಂಡಳಿ ಬರಬೇಕಾಯಿತು. ಒಳ್ಳೆಯವರು ಮಾಡಿದ ಕಾಯ್ದೆ ಎಂದು ಕಣ್ಣು ಮುಚ್ಚಿ ಒಪ್ಪಬೇಡ, ಸಂದುಗಳನ್ನು ಎಣಿಸು. ಟೆಂಡರ್ ಕಾಗದ ಮುಂದೆ ಬಂದಾಗಲೂ ಇದೇ ಮಾತು.

ಈಗ 1962ಕ್ಕೆ ಬಾ. ನಿನ್ನ ಹದಿನೈದು ತಿಂಗಳಿಗೆ ಸಂಬಂಧಪಟ್ಟದ್ದು ಇದೇ. ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ನಾಯಕನಾಗಬೇಕಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಜತ್ತಿಯವರು ಗೆದ್ದಿದ್ದರು, ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದವರು. ಆದರೂ ಪಕ್ಷ ಅವರಿಗೆ ಕೊಡಲಿಲ್ಲ. ಎಸ್.ಆರ್. ಕಂಠಿಯವರನ್ನು ತಂದು ಕೂಡಿಸಿದರು. ಕಂಠಿ ನಮಗೆ ದೂರದವರಲ್ಲ. ಮುದಗಲ್ ದಾಟಿದರೆ ಇಳಕಲ್, ಅದರಾಚೆ ಹುನಗುಂದ, ಆ ಹುನಗುಂದದ ಶಾಸಕರು. ಅಲ್ಲಿಯವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು. ಮಾರ್ಚ್ 14ರಂದು ಪ್ರಮಾಣವಚನ. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಆರಿಸಿ ಬಂದರು. ಜೂನ್ 20ಕ್ಕೆ ಕಂಠಿಯವರು ಎದ್ದರು, ಮರುದಿನ ನಿಜಲಿಂಗಪ್ಪ ಕೂತರು. ಮೂರು ತಿಂಗಳು ಚಿಲ್ಲರೆ. ಮುಖ್ಯಮಂತ್ರಿಯ ಕುರ್ಚಿ, ತಮ್ಮಾ! ಕೂತವನು ಹಟ ಹಿಡಿದಿದ್ದರೆ ಬಣ ಕಟ್ಟಲು ಶಾಸಕರು ಸಿಗದೆ ಇರುತ್ತಿರಲಿಲ್ಲ. ಕಂಠಿಯವರು ಹಾಗೆ ಮಾಡದೆ, ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದರು. ಬಿಜಾಪುರದ ಸೈನಿಕ ಶಾಲೆ 1963ರಲ್ಲಿ ಶುರುವಾದದ್ದು ಅವರ ಕಾಲದಲ್ಲಿ. ಮೂರು ತಿಂಗಳ ಮುಖ್ಯಮಂತ್ರಿ ಅಂತ ಯಾರೂ ಅವರನ್ನು ಈ ಭಾಗದಲ್ಲಿ ಹಗುರವಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಅದೇ ಸಂಪುಟಕ್ಕೆ 1962ರ ಜುಲೈ 2ರಂದು ಜತ್ತಿಯವರೂ ಸೇರಿದರು, ಹಣಕಾಸು ಮಂತ್ರಿಯಾಗಿ. ಮಾರ್ಚ್ ತನಕ ತಾವೇ ಮುಖ್ಯಸ್ಥರು, ಜುಲೈನಲ್ಲಿ ಇನ್ನೊಬ್ಬರ ಕೈಕೆಳಗೆ ಬಜೆಟ್ ಲೆಕ್ಕ ಬರೆಯುವವರು. ಇದು ಎರಡನೆಯ ಸಲ ಇಳಿದದ್ದು. ಒಳಗೆ ನೋವು ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಮನುಷ್ಯ ಅಂದಮೇಲೆ ಇದ್ದೇ ಇರುತ್ತದೆ. ನೋವಿಟ್ಟುಕೊಂಡೇ ಮಾಡಿದ್ದರಿಂದ ಅದಕ್ಕೆ ತೂಕ.

ಇದಕ್ಕೆ ಸಮವಾದದ್ದು ಬಹಳ ದೂರದ ದೇಶದಲ್ಲಿ, ಬಹಳ ಹಿಂದೆ ಒಂದು ನಡೆದಿದೆ. ಅಮೆರಿಕದ ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಅಪ್ಪನೂ ಅಧ್ಯಕ್ಷನಾಗಿದ್ದವನು, ಎರಡನೆಯವನು. ಆ ಅಪ್ಪ ಮರು ಚುನಾವಣೆಯಲ್ಲಿ ಸೋತು, 1801ರಲ್ಲಿ ಗೆದ್ದವನ ಪ್ರಮಾಣವಚನಕ್ಕೂ ನಿಲ್ಲದೆ ಬೆಳಗು ಹರಿಯುವ ಮೊದಲೇ ಊರು ಬಿಟ್ಟಿದ್ದ. ಮಗನೂ 1828ರಲ್ಲಿ ಆಂಡ್ರ್ಯೂ ಜ್ಯಾಕ್ಸನ್ ಎದುರು ಸೋತ, ಅವನೂ ಜ್ಯಾಕ್ಸನ್ನನ ಪ್ರಮಾಣವಚನಕ್ಕೆ ಹೋಗಲಿಲ್ಲ. ಸೋತ ಮುನಿಸು ಆ ಮನೆಯ ರಕ್ತದಲ್ಲೇ ಇತ್ತೇನೋ. ಆದರೆ ಮಗ ಅಲ್ಲಿಗೇ ನಿಲ್ಲಲಿಲ್ಲ. 1831ರಲ್ಲಿ ಸಾದಾ ಸದಸ್ಯನಾಗಿ ಕೆಳಮನೆಗೆ ಬಂದು ಕೂತ. ದೇಶ ಆಳಿದವನು, ಈಗ ಇನ್ನೂರಕ್ಕೂ ಮಿಕ್ಕಿದ ಸದಸ್ಯರಲ್ಲಿ ಒಬ್ಬ. ಗುಲಾಮಗಿರಿ ನಿಲ್ಲಿಸಿ ಎಂದು ಜನ ಬರೆದ ಅರ್ಜಿಗಳನ್ನು ಚರ್ಚೆಗೇ ತೆಗೆದುಕೊಳ್ಳಬಾರದು ಎಂದು ಆ ಸದನ 1836ರಲ್ಲಿ ನಿಯಮ ಮಾಡಿಕೊಂಡಿತ್ತು. ಮುದುಕ ಪ್ರತಿ ಅಧಿವೇಶನದಲ್ಲೂ ಅರ್ಜಿಗಳನ್ನು ತಂದು ಮುಂದಿಡುತ್ತಲೇ ಹೋದ, ಬೈಸಿಕೊಳ್ಳುತ್ತಲೇ ಹೋದ, 1844ರಲ್ಲಿ ಆ ನಿಯಮ ಬಿದ್ದುಹೋಯಿತು. 1848ರಲ್ಲಿ ಸದನದಲ್ಲೇ ಕುಸಿದು, ಎರಡು ದಿನಕ್ಕೆ ಅದೇ ಕಟ್ಟಡದಲ್ಲಿ ಪ್ರಾಣ ಬಿಟ್ಟ. ಅವನು ಅಧ್ಯಕ್ಷನಾಗಿ ಮಾಡಿದ್ದಕ್ಕಿಂತ ಸದಸ್ಯನಾಗಿ ಮಾಡಿದ್ದೇ ದೊಡ್ಡದು ಎಂದು ಓದಿದವರು ಹೇಳುತ್ತಾರೆ. ನಾನೂ ಅದನ್ನೇ ನಂಬುತ್ತೇನೆ.

ಹದಿನೈದು ತಿಂಗಳಾದ ಮೇಲೆ ನೀನೂ ಹಾಗೆಯೇ ಪಂಚಾಯಿತಿ ಸಭೆಯಲ್ಲಿ ಸದಸ್ಯನಾಗಿ ಕೂಡುವವನು. ಅಧ್ಯಕ್ಷಗಿರಿ ಬಿಟ್ಟವನ ವಾರ್ಡೇನೂ ಬಿಟ್ಟುಹೋಗುವುದಿಲ್ಲ. ಬಿಡುವಾಗ ಮುನಿಸಿಕೊಂಡು ಬೀಗದ ಕೈ ಎಸೆದು ಹೋಗಬೇಡ. ಗಣಿಯ ಕೆಳಗೆ ಪಾಳಿ ಬದಲಾಗುವಾಗ ನಾವು ಮುಂದಿನ ಪಾಳಿಯವನಿಗೆ ಯಾವ ಕಡೆ ಮಾಡಿನ ಕಲ್ಲು ಸಡಿಲ ಇದೆ, ಯಾವ ತೂತಿನ ಮದ್ದು ಹಾರಿಲ್ಲ ಎಂದು ಹೇಳಿಯೇ ಕೇಜು ಹತ್ತುತ್ತಿದ್ದೆವು. ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ ಅದನ್ನು ಮುಚ್ಚಿಡುತ್ತಿರಲಿಲ್ಲ. ಹಾಗೆಯೇ ಯಾವ ಗುತ್ತಿಗೆದಾರನ ಬಿಲ್ಲು ಬಾಕಿ, ಯಾವ ಬೋರ್‌ವೆಲ್ಲಿನ ಮೋಟಾರು ಸುಟ್ಟಿದೆ, ಯಾವ ಕೇಸು ಕೋರ್ಟಿನಲ್ಲಿದೆ, ಕೂತು ಹೇಳಿ ಬಾ.

ಇನ್ನು ಜತ್ತಿಯವರು ಮೂರನೆಯ ಸಲ ಇಳಿದದ್ದು. 1968ರಲ್ಲಿ ಜತ್ತಿಯವರು ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದರು, 1972ರಲ್ಲಿ ಒಡಿಶಾದ ರಾಜ್ಯಪಾಲರಾದರು, 1974ರಲ್ಲಿ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಝಾರ್ಖಂಡ್ ಪಕ್ಷದ ನಿರಲ್ ಎನೆಮ್ ಹೋರೊ ಅವರ ಎದುರು ಗೆದ್ದರು. ಮರುವರ್ಷವೇ ತುರ್ತು ಪರಿಸ್ಥಿತಿ. ಜೂನ್ 1975ರಿಂದ ಮಾರ್ಚ್ 1977ರವರೆಗೆ ವಿರೋಧ ಪಕ್ಷದವರು ಜೈಲಿನಲ್ಲಿದ್ದರು, ಪತ್ರಿಕೆಗಳ ಬಾಯಿ ಕಟ್ಟಿತ್ತು, ಜತ್ತಿಯವರು ರಾಜ್ಯಸಭೆಯ ಸಭಾಪತಿಯ ಪೀಠದಲ್ಲೇ ಇದ್ದರು. ಇಳಿಯುವುದು ಬಲ್ಲ ಮನುಷ್ಯ ಆಗ ಇಳಿಯಲಿಲ್ಲ. ಅವರನ್ನು ಮೆಚ್ಚುವ ನನ್ನಂಥವನಿಗೂ ಇದು ಗಂಟಲಲ್ಲಿ ಇಳಿಯದ ತುತ್ತು. ಕೂಡಬಾರದ ಹೊತ್ತಿನಲ್ಲಿ ಕೂತೇ ಇರುವುದೂ ಒಂದು ತೀರ್ಮಾನವೇ ಎಂದು ನೀನು ತಿಳಿದಿರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಸಂವಿಧಾನದ ಪ್ರಕಾರ ಹೊಸಬರು ಆರಿಸಿ ಬರುವತನಕ ಉಪರಾಷ್ಟ್ರಪತಿಯೇ ಅಧಿಕಾರ ನಡೆಸಬೇಕು, ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಸಾವಳಗಿಯ ಹುಡುಗ ಹೀಗೆ ರಾಷ್ಟ್ರಪತಿಯ ಕೆಲಸಕ್ಕೆ ಕೂತ. ಹಿಂದೆಯೇ ಲೋಕಸಭೆ ಚುನಾವಣೆ, ಇಂದಿರಾ ಗಾಂಧಿಯವರ ಸೋಲು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ತೆಗೆಯುವ ಕಾಗದಕ್ಕೆ ಇವರದೇ ಸಹಿ. ಮಾರ್ಚ್ 24ಕ್ಕೆ ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಇವರೇ. ಆ ಪ್ರಧಾನಿ ಮೊರಾರ್ಜಿ ದೇಸಾಯಿ! ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಅವರು ಈಗ ಎದುರಿಗೆ ನಿಂತು ಇವರು ಹೇಳಿಕೊಟ್ಟದ್ದನ್ನು ಹೇಳಿದರು.

ಏಪ್ರಿಲ್ ತಿಂಗಳಲ್ಲಿ ಬಿಕ್ಕಟ್ಟು ಬಂತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕು ಎಂದು ಜನತಾ ಸರ್ಕಾರ ಹಟ ಹಿಡಿಯಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ಕ್ಕೆ ಅಲ್ಲಿ ಸೋತವು. ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲ, ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆ ಎಂದರು ಕೆಲವರು. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು 1976ರ 42ನೇ ತಿದ್ದುಪಡಿ ಖಡಾಖಂಡಿತವಾಗಿ ಬರೆದಿತ್ತು, ಅದನ್ನು ಬರೆದದ್ದು ಕಾಂಗ್ರೆಸ್ಸೇ. ಏಪ್ರಿಲ್ 30ಕ್ಕೆ ಸಹಿ ಬಿತ್ತು. ಆ ಒಂದು ದಿನದ ತಡಕ್ಕೆ ನಾನು ಅವರನ್ನು ಬೈಯುವುದಿಲ್ಲ. ಒಂಬತ್ತು ವಿಧಾನಸಭೆ ಮನೆಗೆ ಕಳಿಸುವ ಕಾಗದವನ್ನು ಒಂದು ರಾತ್ರಿ ಇಟ್ಟುಕೊಂಡು ಓದುವವನು ಬೇಕು. ಮರು ಪರಿಶೀಲಿಸಿ ಎಂದು ಒಂದು ಸಲ ಹಿಂದಕ್ಕೆ ಕಳಿಸುವ ಹಕ್ಕನ್ನು ಮರುವರ್ಷ 44ನೇ ತಿದ್ದುಪಡಿಯೇ ರಾಷ್ಟ್ರಪತಿಗೆ ಕೊಟ್ಟಿತಲ್ಲ. ಆದರೆ ಸಹಿ ಹಾಕದೇ ಹೋಗಿದ್ದರೆ ಖಂಡಿತ ತಪ್ಪಾಗುತ್ತಿತ್ತು.

ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿಯವರು ಬಂದರು, ಜತ್ತಿಯವರು ಉಪರಾಷ್ಟ್ರಪತಿಯ ಕೆಲಸಕ್ಕೆ ವಾಪಸಾದರು. ಹಂಗಾಮಿ ಎಂಬ ಮಾತಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಅಮೆರಿಕದಲ್ಲಿ ಹೀಗೇ ಒಮ್ಮೆ ಆಗಿತ್ತು. 1841ರಲ್ಲಿ ಅಧ್ಯಕ್ಷ ಹ್ಯಾರಿಸನ್ ಅಧಿಕಾರ ಹಿಡಿದ ಒಂದೇ ತಿಂಗಳಿಗೆ ಸತ್ತ, ಉಪಾಧ್ಯಕ್ಷ ಜಾನ್ ಟೈಲರ್ ಕೂತ. ಹಂಗಾಮಿ ಅಧ್ಯಕ್ಷರಿಗೆ ಎಂದು ವಿಳಾಸ ಬರೆದ ಕಾಗದ ಬಂದರೆ ಒಡೆಯದೇ ವಾಪಸು ಕಳಿಸುತ್ತಿದ್ದನಂತೆ. ಅವರ ಸಂವಿಧಾನ ಆಗ ಸ್ಪಷ್ಟವಿರಲಿಲ್ಲ, ಅವನ ಹಟದಿಂದಲೇ ಒಂದು ರೂಢಿ ಬಿತ್ತು, ಅದು ಬೇರೆ ಮಾತು. ಆದರೆ ಅವನ ಸ್ವಂತ ಪಕ್ಷ ಅದೇ ವರ್ಷ ಅವನನ್ನು ಹೊರಗೆ ಹಾಕಿತು, ಒಬ್ಬರ ಹೊರತು ಇಡೀ ಸಂಪುಟ ಬಿಟ್ಟು ಎದ್ದಿತು. ನಮ್ಮಲ್ಲಿ ಸಂವಿಧಾನ ಬರೆದವರು ಆ ಜಗಳಕ್ಕೆ ಎಡೆಯೇ ಇಡಲಿಲ್ಲ.

1979ರ ಆಗಸ್ಟಿನಲ್ಲಿ ಉಪರಾಷ್ಟ್ರಪತಿ ಅವಧಿಯೂ ಮುಗಿಯಿತು. ಜತ್ತಿಯವರು ತೀರಿಕೊಂಡದ್ದು 2002ರ ಜೂನ್ 7ರಂದು. ನಡುವೆ ಇಪ್ಪತ್ತೆರಡು ವರ್ಷ ಮಿಕ್ಕಿ. ಮಾಜಿಗಳು ಹಗಲೆಲ್ಲ ಫೋನ್ ಬರುತ್ತದೇನೋ ಎಂದು ಕಾಯುವುದನ್ನು ನೀನೂ ನೋಡಿದ್ದೀಯ. ಇವರಿಗೆ ಆ ಬಾಧೆ ಅಷ್ಟಾಗಿ ಇರಲಿಲ್ಲ ಎಂದು ನಾನು ತಿಳಿದಿದ್ದೇನೆ, ಯಾಕೆಂದರೆ ಮಂತ್ರಿಯಾಗಿದ್ದಾಗಲೇ, 1964ರಲ್ಲಿ, ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿಟ್ಟಿದ್ದರು. ವಚನಗಳನ್ನು ಬೇರೆ ಬೇರೆ ಭಾಷೆಗೆ ಮುಟ್ಟಿಸುವ ಕೆಲಸ, ಪತ್ರಿಕೆ, ಪ್ರಕಟಣೆ. ಯಾವ ಚುನಾವಣೆಯೂ ಕಸಿದುಕೊಳ್ಳಲಾಗದ ಕೆಲಸ. 1948ರಲ್ಲಿ ವಕೀಲಿ ಇತ್ತು, 1979ರಲ್ಲಿ ಇದು ಇತ್ತು. ಇಳಿದರೆ ಕಾಲಿಡಲು ನೆಲ ಇದ್ದವರು ಅವರು. ಕುರ್ಚಿಗೆ ಅಂಟಿಕೊಳ್ಳುವವರಲ್ಲಿ ಬಹಳ ಮಂದಿ ಕೆಟ್ಟವರೇನಲ್ಲ ತಮ್ಮಾ, ಎದ್ದರೆ ಹೋಗಿ ಕೂಡಲು ಅವರಿಗೆ ಬೇರೆ ಜಾಗ ಇರುವುದಿಲ್ಲ.

ಆದ್ದರಿಂದ ನಿನ್ನ ಮೋಟಾರ್ ರಿವೈಂಡಿಂಗ್ ಅಂಗಡಿ ವಿಷಯ. ಅದನ್ನು ಭಾವನ ಮಗನಿಗೆ ಬಾಡಿಗೆಗೆ ಕೊಟ್ಟು ಪೂರ್ತಿ ರಾಜಕೀಯಕ್ಕೆ ಇಳಿಯುತ್ತೇನೆ ಎಂದಿಯಂತೆ. ಕೊಡಬೇಡ. ಅವನನ್ನು ಕೆಲಸಕ್ಕೆ ಇಟ್ಟುಕೋ, ಬೆಳಗ್ಗೆ ಕಚೇರಿ ತೆರೆಯುವ ಮುಂಚೆ ಎರಡು ತಾಸು ನೀನೇ ಕೂಡು, ತಾಮ್ರದ ತಂತಿ ಕೈಗೆ ಮರೆತುಹೋಗದಂತೆ ನೋಡಿಕೋ. ಬೇಸಿಗೆಯಲ್ಲಿ ಹೊಲದವರ ಪಂಪು ಸುಟ್ಟು ಬರುತ್ತವಲ್ಲ, ಆಗ ಅಧ್ಯಕ್ಷನೇ ಮೋಟಾರು ಬಿಚ್ಚಿಕೊಂಡು ಕೂತಿದ್ದಾನೆ ಅಂತ ಯಾರಾದರೂ ನಕ್ಕರೆ ನಗಲಿ, ಬಾಕಿ ಮಾತ್ರ ಬಿಡಬೇಡ.